ಸಾಲಿಗೆ ಉಸಿರು ಕೊಡುವ ಸುಮೇರಾ

ಗೋಪಾಳ ಬಡಾವಣೆಯ ಮನೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಸುಮೇರಾ ಕಿಟಕಿಯ ಪಕ್ಕ ನಿಂತು, ಅಚ್ಚಾದ ಹಾಳೆಯೊಂದನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದಾರೆ. ಕಂಡವರು ಈಕೆಗೆ ಓದೇ ಬರುವುದಿಲ್ಲವೇನೋ ಅಂದುಕೊಳ್ಳಬೇಕು! "ನೆಟ್ಟಗೆ ಹಿಡಿದ್ರೆ ಕಣ್ಣು ಓದೋಕೆ ಹೋಗ್ಬಿಡುತ್ತೆ. ಹೀಗೆ ಹಿಡಿದ್ರೆ ಎಲ್ಲಿ ಒತ್ತಾಗಿದೆ, ಎಲ್ಲಿ ಬೋಳಾಗಿದೆ ಅಂತ ಕಾಣುತ್ತೆ" ಎನ್ನುತ್ತಾರೆ. ಪಕ್ಕದಲ್ಲಿ ಚಹಾ ಆರುತ್ತಿದೆ.

ಸುಮೇರಾ ಮಾಡುವುದು ಪುಟವಿನ್ಯಾಸ. ಶಂಕರಘಟ್ಟದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಬಂಧ, ಸಂಘಗಳ ಸ್ಮರಣ ಸಂಚಿಕೆ, ಮದುವೆ ಪತ್ರಿಕೆ, ಎಲ್ಲವೂ ಇವರ ಕೈ ದಾಟಿ ಪ್ರೆಸ್ಸಿಗೆ ಹೋಗುತ್ತವೆ. ಅಕ್ಷರದ ಗಾತ್ರ, ಅಂಚಿನ ಜಾಗ, ಸಾಲುಗಳ ನಡುವಿನ ಅಂತರ ಹದವಾಗಿದ್ದರೆ ಓದುವವರಿಗೆ ಅವು ಕಾಣುವುದೇ ಇಲ್ಲ, ಸಾರಿನಲ್ಲಿ ಉಪ್ಪಿನ ಹಾಗೆ. ತಂದೆ ಬಾಬು ಸಾಬ್ ಹಳೆಯ ಪ್ರೆಸ್ಸೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. "ಸಾಲಿಗೂ ಉಸಿರಾಡೋಕೆ ಜಾಗ ಬೇಕಮ್ಮ" ಎನ್ನುತ್ತಿದ್ದರಂತೆ. ಆ ಪ್ರೆಸ್ ಮುಚ್ಚಿ ಅಪ್ಪ ಮನೆಯಲ್ಲಿ ಕೂತಾಗ ಮಗಳು ಕಂಪ್ಯೂಟರ್ ಕಲಿತರು. ಈಗ ದಿನಕ್ಕೆ ಮೂವತ್ತು ನಲವತ್ತು ಪುಟ, ಸಂಜೆಗೆ ಕಣ್ಣುರಿ, ಕತ್ತುನೋವು. ಪುಸ್ತಕದಲ್ಲಿ ಇವರ ಹೆಸರು ಮಾತ್ರ ಹುಡುಕಿದರೂ ಸಿಗದು.

ಇಂಥ ಪಳಗಿದ ಕೈಯೂ ಈಚೆಗೊಮ್ಮೆ ಎಡವಿತು. ಭದ್ರಾವತಿಯ ಕಲ್ಲಮ್ಮ ಅಲ್ಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಕೊಂಡೇ ಆಯುಷ್ಯ ಸವೆಸಿದವರು, ಇಳಿವಯಸ್ಸಿನಲ್ಲಿ ಅಕ್ಷರ ಕಲಿತವರು. ಅವರ ನೆನಪುಗಳನ್ನು ಮಹಿಳಾ ಸಂಘವೊಂದು ಪುಸ್ತಕವಾಗಿಸಲು ಹೊರಟಿತು. ಬಿಡುಗಡೆಯ ದಿನ ಒಂದು ಪುಟವನ್ನು ಕಲ್ಲಮ್ಮನೇ ಓದುವುದೆಂದಾಯಿತು. ಪುಟ ಕಡಿಮೆಯಾಗಲಿ ಎಂದು ಸಂಘದವರು ಅಂದರು, ಸುಮೇರಾ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದರು. ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗಿದವು. ಕರಡು ಹಿಡಿದ ಕಲ್ಲಮ್ಮ ತಮ್ಮದೇ ಮಾತುಗಳ ನಡುವೆ ತಡವರಿಸಿ ಹಾಳೆ ಕೆಳಗಿಟ್ಟರು.

"ನಂಗೆ ಓದು ಹತ್ಲಿಲ್ಲ ಬಿಡು ಮಾರಾಯ್ತಿ. ಬೇರೆ ಯಾರಾದ್ರೂ ಓದ್ಲಿ."

"ತಪ್ಪು ನಂದು, ಅಜ್ಜಿ ತನ್ನದು ಅನ್ಕೊಂಡ್ರು. ಅವತ್ತು ಊಟ ಸೇರ್ಲಿಲ್ಲ ನಂಗೆ" ಎನ್ನುವಾಗ ಸುಮೇರಾ ದನಿ ಈಗಲೂ ತಗ್ಗುತ್ತದೆ. ಸಂಘದವರನ್ನು ಕಾಡಿಬೇಡಿ ಪುಟ ಹೆಚ್ಚಿಸಿಕೊಂಡರು, ಇಡೀ ಪುಸ್ತಕವನ್ನು ಹೊಸದಾಗಿ ಕೂರಿಸಿದರು, ಹಾಳೆ ಹಿಡಿದು ತಾವೇ ಭದ್ರಾವತಿಯ ಬಸ್ಸು ಹತ್ತಿದರು. ಕಲ್ಲಮ್ಮ ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಸಾಗಿದರು. ಬೆರಳು ಎಲ್ಲೂ ನಿಲ್ಲಲಿಲ್ಲ.

"ದಿನಾ ಪುಟ ಕಟ್ತೀನಿ, ಓದೋರ ಕಣ್ಣು ಹೆಂಗಿರುತ್ತೆ ಅಂತ ಅಜ್ಜಿನೇ ತೋರಿಸ್ಬೇಕಾಯ್ತು. ಅವರ ಋಣ ದೊಡ್ಡದು" ಎನ್ನುತ್ತಾರೆ ಸುಮೇರಾ. ಸುಸ್ತಿಲ್ಲದೆ ಪುಟ ಮಗುಚುವ ನಮ್ಮೆಲ್ಲರ ಮೇಲೆ ಇಂಥವರ ಋಣವೂ ಸಣ್ಣದಲ್ಲ.

ಕಳೆದ ಭಾನುವಾರ ಬಿಡುಗಡೆ. ಹಾರ, ಭಾಷಣಗಳೆಲ್ಲ ಮುಗಿದ ಮೇಲೆ ಕಲ್ಲಮ್ಮ ಎದ್ದರು. ಒಂದು ಪುಟ ಸರಾಗವಾಗಿ ಮುಗಿಯಿತು, ಚಪ್ಪಾಳೆಯೂ ಬಿತ್ತು. ಅವರು ಕೂರಲಿಲ್ಲ. ಹಾಳೆ ಮಗುಚಿ ಮುಂದಿನ ಪುಟ ಓದತೊಡಗಿದರು, ಆಮೇಲೆ ಅದರ ಮುಂದಿನದು. ಹೊತ್ತಾಯಿತೆಂದು ನಿರೂಪಕಿ ಮೈಕಿನತ್ತ ಬಂದಾಗ ಸಭೆಯ ಕೊನೆಯಲ್ಲಿದ್ದ ಸುಮೇರಾ ಎದ್ದು ನಿಂತೇಬಿಟ್ಟರು.

"ತಡೀಬೇಡಿ ಮೇಡಂ. ಓದ್ಲಿ."