ಎರಡು ಗಜದ ಕೆಂಪು ರಿಬ್ಬನ್

ನನ್ನ ಜಡೆಯಲ್ಲಿ ಎರಡು ಗಜ ಕೆಂಪು ರಿಬ್ಬನ್ ಇದ್ದ ಕಾಲದಲ್ಲಿ ಇಡೀ ಸೇಡಂನಲ್ಲಿ ನನ್ನಷ್ಟು ಜಂಬದ ಹುಡುಗಿ ಇನ್ನೊಬ್ಬಳಿರಲಿಲ್ಲ. ನಿಜಾಮರ ಆಳ್ವಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ವಾಡಿ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಹೈದರಾಬಾದಿಗೆ ಹೋದಾಗ ತಂದುಕೊಟ್ಟದ್ದು ಅದು. ಓರಗೆಯವರೆಲ್ಲ ಎರಡು ಜಡೆ ಹಾಕುತ್ತಿದ್ದರು. ಎರಡು ಜಡೆಗೆ ರಿಬ್ಬನ್ನನ್ನು ಎರಡು ತುಂಡು ಮಾಡಬೇಕಲ್ಲ! ನಾನು ಒಪ್ಪಲಿಲ್ಲ. ಒಂದೇ ಜಡೆ, ಅದರ ತುದಿಗೆ ಅಂಗೈ ಅಗಲದ ಹೂವು.

ಅದೇ ವರ್ಷ ಹೆಣ್ಣುಮಕ್ಕಳ ಶಾಲೆಗೆ ಹೊಸ ಕಟ್ಟಡವಾಯಿತು. ತಹಶೀಲ್ದಾರ್ ಸಾಹೇಬರು ಬಾಗಿಲಲ್ಲಿ ರಿಬ್ಬನ್ ಕತ್ತರಿಸುತ್ತಾರೆಂದು ಅಕ್ಕೋರು ಹೇಳಿದರು. ನಮ್ಮ ಟೀಚರನ್ನು ನಾವು ಹಾಗೆಯೇ ಕರೆಯುತ್ತಿದ್ದೆವು. "ಮನ್ಯಾಗ ರಿಬ್ಬನ್ ಇದ್ದವ್ರು ತರ್ರಿ" ಎಂದರು. ಆ ಇಂಗ್ಲಿಷ್ ವಸ್ತುವಿಗೆ ನಮ್ಮಲ್ಲಿ ಹೆಸರುಗಳಿಗೇನು ಬರ? ಪಕ್ಕದ ಮನೆಯ ಖಾಲಾ ಫೀತಾ ಅನ್ನುತ್ತಿದ್ದಳು, ದರ್ಜಿ ಟೇಪು ಅನ್ನುತ್ತಿದ್ದ, ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎಲ್ಲಕ್ಕೂ ಪಟ್ಟಿ ಅಂದುಬಿಡುತ್ತಿದ್ದಳು. ಮರುದಿನ ಅಕ್ಕೋರ ಮೇಜಿನ ಮೇಲೆ ರಿಬ್ಬನ್ನಿನ ನೆಂಟರೆಲ್ಲ ಬಂದು ಬಿದ್ದರು. ಮಾಸಿದ ಲಾಡಿ, ಹಳೆಯ ಸೆರಗಿನಿಂದ ಬಿಚ್ಚಿದ ಜರಿಗೋಟು, ಕಂದೀಲಿನ ಬತ್ತಿ. ಒಬ್ಬಳಂತೂ ಮಂಚಕ್ಕೆ ಹೆಣೆಯುವ ನವಾರದ ಇಡೀ ಸುರುಳಿಯನ್ನೇ ಹೊತ್ತು ತಂದಿದ್ದಳು.

ಅಕ್ಕೋರು ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದರು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಅವರ ದೃಷ್ಟಿ ನನ್ನ ಜಡೆಯ ಮೇಲೆ ಬಿತ್ತು. ನನ್ನ ನಗು ಅಲ್ಲೇ ನಿಂತಿತು.

"ನಾಳಿ ನಿಂದು ಕೊಡವ್ವ. ಸಾಹೇಬ್ರು ಒಂದೇ ಸಲ ಕತ್ತರಿಸ್ತಾರ."

ಒಂದೇ ಸಲವಂತೆ! ಕತ್ತನ್ನೂ ಒಂದೇ ಸಲ ಕತ್ತರಿಸುವುದು. ಆದರೆ ಅಕ್ಕೋರಿಗೆ ಇಲ್ಲವೆನ್ನುವ ಧೈರ್ಯ ಯಾರಿಗಿತ್ತು? ಅಳುತ್ತ ಮನೆಯ ಕಡೆ ಹೊರಟವಳಿಗೆ ಅರ್ಧ ದಾರಿಯಲ್ಲಿ ಉಪಾಯ ಹೊಳೆಯಿತು. ನಮ್ಮ ಆಯಿ ಶಕುನದ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಬಳೆ ಒಡೆದರೆ "ಹೆಚ್ಚಿದವು" ಅನ್ನಬೇಕು, ದೀಪ ಆರಿಸು ಅನ್ನದೆ "ದೊಡ್ಡದು ಮಾಡು" ಅನ್ನಬೇಕು. ಶುಭಕಾರ್ಯದ ದಿನ ಮನೆಯ ಕತ್ತರಿಯನ್ನು ಹಾಸಿಗೆಯ ಸುರುಳಿಯೊಳಗೆ ಬಚ್ಚಿಡುತ್ತಿದ್ದಳು.

"ಆಯಿ, ನಾಳಿ ಹೊಸಾ ಶಾಲಿ ಬಾಗಿಲಾಗ ಕತ್ತರಿ ಆಡಸ್ತಾರಂತ" ಎಂದೆ, ಏನೂ ಅರಿಯದವಳ ಹಾಗೆ.

ಮರುದಿನ ಆಯಿ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಶಾಲೆಯ ಚಪರಾಸಿ ನನ್ನ ರಿಬ್ಬನ್ನನ್ನು ಬಾಗಿಲಿನ ಎರಡೂ ಕದಗಳ ಕಬ್ಬಿಣದ ಬಳೆಗಳಿಗೆ ತೂರಿಸಿ, ನಡುವೆ ಎತ್ತು ಕಟ್ಟುವಂಥ ಗಂಟು ಹಾಕಿದ್ದ. ಸಾಹೇಬರು ತಟ್ಟೆಯಿಂದ ಕತ್ತರಿ ಎತ್ತಿದ್ದೇ ತಡ, ಆಯಿ ಎದ್ದು ನಿಂತಳು.

"ಯಪ್ಪಾ ಸಾಹೇಬ್ರ, ಕೈ ಮುಗಿತೀನಿ. ಹೆಣ್ಮಕ್ಕಳು ಕಲಿಲಿಕ್ಕ ಹೋಗೂ ಬಾಗಿಲಾ ಅದ. ಕತ್ತರಿ ಹಚ್ಚಬ್ಯಾಡ್ರಿ, ಗಂಟ ಬಿಚ್ಚರಿ!"

ನೆರೆದ ಹೆಂಗಸರೆಲ್ಲ "ಹೌದ್ರಿ, ಹೌದ್ರಿ" ಎಂದು ಗದ್ದಲವೆಬ್ಬಿಸಿದರು. ಸಾಹೇಬರು ಒಳ್ಳೆಯವರು. ಕತ್ತರಿ ಇಟ್ಟು ಗಂಟಿಗೆ ಕೈ ಹಾಕಿದರು. ಅದು ಜಗ್ಗಲಿಲ್ಲ. ಕನ್ನಡಕ ತೆಗೆದು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು. ಕೊನೆಗೆ ಚಪರಾಸಿ ಹಲ್ಲು ಹಚ್ಚಲು ಬಗ್ಗಿದಾಗ ನನಗೆ ತಡೆಯಲಾಗಲಿಲ್ಲ. ಜನರ ನಡುವೆ ನುಸುಳಿ ಓಡಿದೆ.

"ಆಕಡಿ ಸರೀರಿ, ಅದು ನಂದದ!"

ಒಂದು ಉಗುರು ಮುರಿಯಿತು, ಗಂಟು ಬಿಚ್ಚಿತು. ಬಾಗಿಲು ತಾನೇ ಕಿರ್ರೆಂದು ತೆರೆದುಕೊಂಡಿತು. ಜನ ಚಪ್ಪಾಳೆ ತಟ್ಟಿದರು, ಆಯಿ ಎಲ್ಲರಿಗಿಂತ ಜೋರಾಗಿ. ರಿಬ್ಬನ್ ಇಡಿಯಾಗಿ ನನ್ನ ಕೈಯಲ್ಲಿತ್ತು.

ಕಟ್ಟಡದ ಕಲ್ಲಿನ ಮೇಲೆ ಸಾಹೇಬರ ಹೆಸರು ಕೆತ್ತಿದ್ದರು. ಇರಲಿ ಬಿಡಿ. ಅವತ್ತು ಅವರೇ ಹೊಸ್ತಿಲಿನ ಪಕ್ಕಕ್ಕೆ ಸರಿದು ನಿಂತು, "ನಡಿಯವ್ವ, ಮೊದ್ಲ ನೀನೇ ಹೋಗು" ಅಂದರು. ಹಿಂದೆ ಅಕ್ಕೋರು, ಚಪರಾಸಿ, ಇಡೀ ಊರು ಕಾಯುತ್ತಿತ್ತು. ನಾನು ಮೊದಲು ಜಡೆ ಕಟ್ಟಿಕೊಂಡೆ, ಆಮೇಲೆ ಒಳಗೆ ಹೋದೆ.