ಸೇತುವೆ ಮುಚ್ಚಿದ್ದ ವಾರ

ಜಿಲ್ಲಾ ರಸ್ತೆ ಯೋಜನಾ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೀಟು ಮೇಷ್ಟ್ರು ಅಂದರೆ ಸಾಕಿತ್ತು. ಹಾಗಂತ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರಸ್ತೆಗಳು ಕೂಡುವ ಕಡೆ ಮಡಚುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಹೋಗಿಬರುವ ಗಾಡಿಗಳನ್ನು ಎಣಿಸುವುದು ಅವರ ಕೆಲಸ. ಹಾಳೆಯಲ್ಲಿ ಬಸ್ಸಿಗೊಂದು ಕಲಂ, ಲಾರಿಗೊಂದು, ಟ್ರ್ಯಾಕ್ಟರಿಗೊಂದು, ಬೈಕಿಗೊಂದು. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ. ಎಣಿಕೆಗೆ ಹೊಸದಾಗಿ ಬಂದವರಿಗೆಲ್ಲ ಅವರೇ ಕಲಿಸಿದ್ದರಿಂದ ಮೇಷ್ಟ್ರು ಎಂಬುದು ಅಂಟಿಕೊಂಡಿತ್ತು.

ಮೂವತ್ತೊಂದು ವರ್ಷ ಹೀಗೆ ಕಳೆದಿತ್ತು. ಯಾವ ರಸ್ತೆ ಅಗಲ ಆಗಬೇಕು, ಯಾವ ಊರಿಗೆ ಬಸ್ಸು ಹೆಚ್ಚಿಸಬೇಕು ಎಂದು ಕಚೇರಿಯ ಸಾಹೇಬರು ತೀರ್ಮಾನ ಮಾಡುವ ಮೊದಲು ಮೇಷ್ಟ್ರ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. "ಏನ್ರೀ ಮೇಷ್ಟ್ರೇ, ಈ ರಸ್ತೆ ಇನ್ನು ಹತ್ತು ವರ್ಷ ತಡ್ಕೊಳ್ಳುತ್ತಾ?" ಎಂದು ಕೇಳುತ್ತಿದ್ದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಉತ್ತರ ಕೊಡುತ್ತಿದ್ದರು. ಉತ್ತರ ಮೊದಲೇ ಗೊತ್ತಿರುತ್ತಿತ್ತು. ಆದರೂ ಆ ಸ್ವಲ್ಪ ಹೊತ್ತು ಸಾಹೇಬರು ತಮ್ಮ ಮುಂದೆ ಕಾಯುತ್ತ ನಿಲ್ಲುವುದು ಅವರಿಗೆ ಇಷ್ಟ.

ಅವರ ನಿವೃತ್ತಿಗೆ ಎರಡು ವರ್ಷ ಇರುವಾಗ ಜಿಲ್ಲೆಗೆ ಇಪ್ಪತ್ತೈದು ವರ್ಷಗಳ ಸಾರಿಗೆ ಯೋಜನೆ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಆದೇಶದ ಹಿಂದೆಯೇ ಅದನ್ನು ಮಾಡಲು ಹೊಸ ಅಧಿಕಾರಿ ಬಂದಳು; ಕಚೇರಿಗೆಲ್ಲ ಅವಳು ಮೇಡಂ. ಮೂವತ್ತೆರಡು ವರ್ಷದ ಹೆಣ್ಣುಮಗಳು. ಹೆಚ್ಚು ಮಾತಿಲ್ಲ, ತನ್ನ ಲೋಟ ತಾನೇ ತೊಳೆದುಕೊಳ್ಳುತ್ತಿದ್ದಳು, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದಿರುತ್ತಿದ್ದಳು. ತಪ್ಪು ಹುಡುಕೋಣವೆಂದರೆ ಒಂದೂ ಸಿಗುತ್ತಿರಲಿಲ್ಲ. ಮೇಷ್ಟ್ರಿಗೆ ಮೊದಲು ಉರಿದದ್ದೇ ಅದಕ್ಕೆ.

ಕಿಟಕಿ ಪಕ್ಕದ ಮೇಜು ಅವಳಿಗೆ ಹೋಯಿತು. ಆ ಮೇಜಿನ ಹಿಂದಿನ ಯಜಮಾನ ವರ್ಗವಾಗಿ ಹೋದಾಗಿನಿಂದ ಅದು ತಮಗೇ ಬರುತ್ತದೆಂದು ಮೇಷ್ಟ್ರು ನಂಬಿಕೊಂಡಿದ್ದರು. ಹೋಗಲಿ, ಮೇಜು ಮರದ್ದು. ಆದರೆ ಸಾಹೇಬರು? ಅವರು ಈಗ ತಮ್ಮ ಕೋಣೆಯಿಂದ ಹೊರಬಂದರೆ ನೇರ ಕಿಟಕಿಯ ಕಡೆಗೇ ನಡೆಯುತ್ತಿದ್ದರು. ಮೇಷ್ಟ್ರ ಮೇಜು ದಾರಿಯಲ್ಲೇ ಇತ್ತು. ಸಾಹೇಬರ ಕೋಟಿನ ತುದಿ ಅದರ ಅಂಚಿಗೆ ಸವರಿಕೊಂಡು ಹೋಗುತ್ತಿತ್ತು, ಅಷ್ಟೇ.

ಒಂದು ದಿನ ಮೇಷ್ಟ್ರು ಹಳೇ ಎಣಿಕೆ ನಮೂನೆಯ ಹಾಳೆಯ ಹಿಂಬದಿಯಲ್ಲಿ ಎರಡು ಕಲಂ ಮಾಡಿದರು. ಒಂದರ ಮೇಲೆ ಮೇಡಂಗೆ 'ಮೇ' ಎಂದು ಬರೆದರು, ಇನ್ನೊಂದರ ಮೇಲೆ ತಮಗೆ 'ಗೀ' ಎಂದು. ಸಾಹೇಬರು ಯಾರನ್ನು ಕರೆದರೂ ಒಂದು ಗೀಟು. ವಾರವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಿದರು. ಶನಿವಾರ ಆ ಹಾಳೆಯನ್ನು ಜೇಬಿನಲ್ಲಿ ಮರೆತರು.

ಬಟ್ಟೆ ಒಗೆಯಲು ಜೇಬು ತಡಕಿದ ಹೆಂಡತಿ ಹಾಳೆ ಹಿಡಿದು ಬಂದಳು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಗಂಡನ ಗೀಟುಗಳನ್ನು ಓದುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

"ಇದ್ಯಾವ ಕ್ರಾಸು?"

"ಹಳೇ ಪೇಟೆ ಕ್ರಾಸು."

"ಒಂದು ಕಡೆ ಮೂವತ್ತೊಂದು, ಇನ್ನೊಂದು ಕಡೆ ನಾಲ್ಕು. ನಾಲ್ಕರ ಕಡೆ ರಸ್ತೆ ಏನಾದ್ರೂ ಕುಸಿದುಹೋಗಿದೆಯಾ?"

ಮೇಷ್ಟ್ರು ಹಾಳೆ ಕಿತ್ತುಕೊಂಡು ಹರಿದರು. ಹೆಂಡತಿ ಅವರ ಮುಖ ನೋಡಿ, "ಹೊಟ್ಟೇಲಿ ಬೆಂಕಿ ಇಟ್ಕೊಂಡ್ರೆ ಅದರಲ್ಲಿ ಟೀ ಕೂಡ ಕಾಯೋಲ್ಲ, ನೋಡಿ," ಎಂದು ಒಳಗೆ ಹೋದಳು.

ಮೇಡಂ ಯೋಜನೆಯ ಮೊದಲ ಪ್ರಶ್ನೆಗೆ ಕೈ ಹಾಕಿದಳು. ಪಟ್ಟಣಕ್ಕೆ ಪಶ್ಚಿಮದ ಹಳ್ಳಿಗಳಿಂದ ಎರಡು ದಾರಿ. ಒಂದು ಹೊಳೆಯ ಪಕ್ಕದಲ್ಲೇ ಬಂದು ಸೇತುವೆ ದಾಟುವ ಹೊಳೆ ರಸ್ತೆ. ಇನ್ನೊಂದು ಸುತ್ತು ಹಾಕಿ ಬರುವ ಗುಡ್ಡದ ರಸ್ತೆ. ಇಪ್ಪತ್ತೈದು ವರ್ಷದಲ್ಲಿ ಒಂದನ್ನು ಮಾತ್ರ ದೊಡ್ಡದು ಮಾಡಲು ಸಾಧ್ಯ. ಯಾವುದನ್ನು? ಎಣಿಸಬೇಕು. ಆದರೆ ಅವಳು ಎಣಿಕೆಗೆ ಮೇಷ್ಟ್ರನ್ನು ಕೂರಿಸಲಿಲ್ಲ. ರಸ್ತೆಗೆ ಅಡ್ಡಲಾಗಿ ಕಪ್ಪು ರಬ್ಬರ್ ಕೊಳವೆ ಹಾಸಿ, ಪಕ್ಕದ ಕಂಬಕ್ಕೆ ಒಂದು ಪೆಟ್ಟಿಗೆ ಕಟ್ಟಿದಳು. ಚಕ್ರ ಕೊಳವೆ ತುಳಿದಾಗಲೆಲ್ಲ ಪೆಟ್ಟಿಗೆಯೊಳಗೆ ಅಂಕಿ ಏರುತ್ತಿತ್ತು. ಊಟ ಬೇಡ, ನೆರಳು ಬೇಡ, ಮೂತ್ರಕ್ಕೆ ಎದ್ದು ಹೋಗಬೇಕೆಂಬುದೂ ಇಲ್ಲ. ಎರಡೂ ರಸ್ತೆಗಳಲ್ಲಿ ಪಟ್ಟಣದ ಅಂಚಿಗೆ ಸೋಮವಾರ ಹಾಕಿ ಮುಂದಿನ ಸೋಮವಾರ ತೆಗೆದಳು.

ಆ ನಡುವಿನ ಭಾನುವಾರ ಮೇಷ್ಟ್ರು ಅಕ್ಕನ ಮನೆಗೆ ಹೊರಟಿದ್ದರು. ಅಕ್ಕನ ಮನೆ ಹೊಳೆ ರಸ್ತೆಯಲ್ಲಿ, ಸೇತುವೆಯ ಆಚೆ ದಡದಲ್ಲಿ. ಸ್ಕೂಟರಿನಲ್ಲಿ ಸೇತುವೆ ತಲುಪಿದರೆ ಅದರ ಬಾಯಿಗೆ ಅಡ್ಡ ಡ್ರಮ್ಮುಗಳು. 'ದುರಸ್ತಿ, ಒಂದು ವಾರ ಸಂಚಾರ ಇಲ್ಲ' ಎಂಬ ಬೋರ್ಡು. ಸೇತುವೆ ಬೇರೆ ಇಲಾಖೆಯದು. ಅವರು ಯಾರಿಗೂ ಪತ್ರ ಬರೆದಿರಲಿಲ್ಲ. ಮೇಷ್ಟ್ರು ಹಿಂದಕ್ಕೆ ಬಂದು, ಗುಡ್ಡ ಸುತ್ತಿ, ಲಾರಿ ಟ್ರ್ಯಾಕ್ಟರುಗಳ ಧೂಳು ಕುಡಿಯುತ್ತ ಅಕ್ಕನ ಮನೆ ಸೇರಿದರು. ದಾರಿಯಲ್ಲಿ ಗುಡ್ಡದ ರಸ್ತೆಯ ಕಪ್ಪು ಕೊಳವೆಯ ಮೇಲೆ ಅವರ ಸ್ಕೂಟರೂ ಟಪ್ ಟಪ್ ಎಂದು ಹಾದುಹೋಯಿತು. ಆಗಲೇ ಅವರಿಗೆ ಹೊಳೆದದ್ದು. ಈ ವಾರದ ಎಣಿಕೆ ಎಣಿಕೆಯೇ ಅಲ್ಲ.

ಸೋಮವಾರ ಹೇಳಬೇಕು ಎಂದುಕೊಂಡರು. ಸೋಮವಾರ ಕಚೇರಿಗೆ ಹೋದಾಗ ಸಾಹೇಬರು ಮೇಡಂ ಮೇಜಿನ ಪಕ್ಕ ನಿಂತು, ಪೆಟ್ಟಿಗೆಯ ಅಂಕಿ ನೋಡುತ್ತ, "ಇಷ್ಟು ವರ್ಷ ನಾವು ಕತ್ತಲಲ್ಲಿ ಬಾಣ ಬಿಡ್ತಿದ್ವಿ," ಎನ್ನುತ್ತಿದ್ದರು. ಮೇಷ್ಟ್ರು ಹೇಳದೆ ತಮ್ಮ ಮೇಜಿಗೆ ಹೋಗಿ ಕುಳಿತರು. ಇಷ್ಟು ವರ್ಷ ಎಂದರೆ ಯಾರ ವರ್ಷ?

ಮೇಡಂ ದಡ್ಡಿಯಾಗಿರಲಿಲ್ಲ. ಎರಡು ದಿನದ ಮೇಲೆ ಹಳೇ ಕಡತಗಳನ್ನು ಹೊತ್ತು ಅವರ ಹತ್ತಿರವೇ ಬಂದಳು.

"ಮೇಷ್ಟ್ರೇ, ನಿಮ್ಮ ಹಿಂದಿನ ಎಣಿಕೇಲಿ ಹೊಳೆ ರಸ್ತೆ ಹೆಚ್ಚು. ಈಗ ನೋಡಿದ್ರೆ ಅದರಲ್ಲಿ ಗಾಡಿಗಳೇ ಇಲ್ಲ, ಎಲ್ಲ ಗುಡ್ಡದ ಕಡೆ. ಇಷ್ಟು ವ್ಯತ್ಯಾಸ ಹೇಗೆ ಬಂತು? ನಿಮಗೇನಾದ್ರೂ ಗೊತ್ತಾ?"

ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವಳು ಕಾಯುತ್ತ ನಿಂತಳು.

"ನಂದು ಪೆನ್ಸಿಲ್ ಎಣಿಕೆ ಮೇಡಂ. ನಿಮ್ಮದು ಯಂತ್ರ. ಯಂತ್ರ ಸುಳ್ಳು ಹೇಳುತ್ತಾ?"

ಅವಳು ತಲೆಯಾಡಿಸಿ ಹೋದಳು. ಬಾವಿಗೆ ಕಲ್ಲು ಹಾಕಿ ಸದ್ದಿಗಾಗಿ ಕಿವಿಗೊಟ್ಟವನಂತೆ ಮೇಷ್ಟ್ರು ಕುಳಿತರು. ಅವಳು ಬೀಳಲಿ, ಎಲ್ಲರೆದುರು ಬೀಳಲಿ, ಆಗ ಸಾಹೇಬರು ಕತ್ತಲು ಯಾವುದು ಬೆಳಕು ಯಾವುದು ಎಂದು ತಿಳಿದುಕೊಳ್ಳಲಿ. ಆ ತಿಂಗಳೆಲ್ಲ ಅವರಿಗೆ ಹಸಿವು ಚೆನ್ನಾಗಿತ್ತು. ಮೇಡಂ ಎದುರು ಸಿಕ್ಕರೆ ತಾವೇ ಮೊದಲು ನಮಸ್ಕಾರ ಹೇಳುತ್ತಿದ್ದರು.

ಯೋಜನೆಯ ಕರಡು ತಯಾರಾಯಿತು. ಜನರ ಅಭಿಪ್ರಾಯ ಕೇಳಲು ಶನಿವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ಗೋಡೆಯ ಮೇಲೆ ನಕ್ಷೆ. ಗುಡ್ಡದ ರಸ್ತೆ ಕೆಂಪು ಬಣ್ಣದಲ್ಲಿ ಬೆರಳು ದಪ್ಪ, ಅದರ ಅಗಲಕ್ಕೆ ಸಿಕ್ಕ ಹನ್ನೊಂದು ಮನೆಗಳ ಮೇಲೆ ಚಿಕ್ಕ ಅಡ್ಡ ಗುರುತು. ಹೊಳೆ ರಸ್ತೆ ತೆಳ್ಳಗೆ ಬೂದು ಬಣ್ಣದಲ್ಲಿ; ಅಲ್ಲಿ ದಿನದ ಆರು ಬಸ್ಸು ಎರಡಕ್ಕೆ ಇಳಿಯಲಿತ್ತು. ಆ ಸುದ್ದಿ ಕೇಳಿ ಅಕ್ಕನೂ ಬಂದಿದ್ದಳು. ತನ್ನ ತಮ್ಮ ಕೆಲಸ ಮಾಡುವ ಕಚೇರಿಯ ಸಭೆ ಎಂದು ಒಳ್ಳೆಯ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕುಳಿತು, ಅವರಿಗೆ ದೂರದಿಂದಲೇ ಕೈ ಬೀಸಿದಳು.

ಮೇಡಂ ಅರ್ಧ ಗಂಟೆ ಮಾತಾಡಿದಳು. ಹನ್ನೊಂದು ಮನೆಗಳಲ್ಲೊಂದರ ಮುದುಕ ಎದ್ದು ನಿಂತು, ನಕ್ಷೆಯ ಅಡ್ಡ ಗುರುತುಗಳ ಕಡೆ ಕೈ ತೋರಿಸಿ ಮತ್ತೆ ಕುಳಿತ. ಆಗ ಹಾಲಿನ ವ್ಯಾನಿನ ಡ್ರೈವರ್ ಎದ್ದ.

"ಮೇಡಂ, ನಾನು ದಿನಾ ಎರಡು ಸಲ ಹೊಳೆ ರಸ್ತೇಲಿ ಹೋಗಿಬರೋನು. ಅಲ್ಲಿ ಗಾಡಿಗಳೇ ಇಲ್ಲ ಅಂತೀರಿ. ನೀವು ಎಣಿಸಿದ್ದು ಯಾವ ವಾರ?"

ಅವಳು ತಾರೀಖು ಹೇಳಿದಳು.

"ಆ ವಾರ ಸೇತುವೆ ಮುಚ್ಚಿತ್ತಲ್ಲ. ನಾವೆಲ್ಲ ಗುಡ್ಡ ಸುತ್ತಿ ಬಂದ್ವಿ."

ಸಭಾಂಗಣ ಗುಜುಗುಜು ಎಂದಿತು. ಮೇಡಂ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. ಅವಳ ಮುಖದಿಂದ ರಕ್ತ ಇಳಿದುಹೋದದ್ದು ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರಿಗೂ ಕಂಡಿತು. ತಿಂಗಳಿಂದ ಕಾದದ್ದು ಇದಕ್ಕೇ. ಎದೆಯೊಳಗೆ ಸಿಹಿಯಂಥದ್ದೇನೋ ಹರಡಿತು.

ಸಾಹೇಬರು ಮೈಕಿನ ಹತ್ತಿರ ಬಂದರು. "ಸೇತುವೆ ಮುಚ್ಚಿದ್ದು ನಮ್ಮ ಕಚೇರಿಗೆ ಗೊತ್ತೇ ಇಲ್ಲ. ಇದು ಖಚಿತವಾ?"

ಡ್ರೈವರಿಗಿಂತ ಮೊದಲು ಮೂರನೆಯ ಸಾಲಿನಿಂದ ಅಕ್ಕ ಎದ್ದಳು. ಸತ್ಯಕ್ಕೆ ಸಾಕ್ಷಿ ಹೇಳುವ ಹುಮ್ಮಸ್ಸು ಅವಳಿಗೆ.

"ಖಚಿತ ಸ್ವಾಮಿ. ಬೇಕಾದ್ರೆ ನಿಮ್ಮ ಕಚೇರೀಲೇ ಇರೋ ನಮ್ಮ ತಮ್ಮನ್ನ ಕೇಳಿ, ಅಗೋ ಅಲ್ಲಿ ನಿಂತಿದ್ದಾನೆ. ಆ ಭಾನುವಾರ ನಮ್ಮ ಮನೆಗೆ ಬರೋಕೆ ಗುಡ್ಡ ಸುತ್ತಿ ಬಂದು, ಸೊಂಟ ಬಿದ್ದುಹೋಯ್ತು ಅಂತ ಸಂಜೆವರೆಗೂ ಗೊಣಗಿದ್ದ."

ಜನರೆಲ್ಲ ತಿರುಗಿ ನೋಡಿದರು. ಸಾಹೇಬರು ನೋಡಿದರು. ಮೇಡಂ ಎಲ್ಲರಿಗಿಂತ ತಡವಾಗಿ ತಲೆ ಎತ್ತಿದಳು. ಮೇಷ್ಟ್ರಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಅಕ್ಕ ಮಾತ್ರ ಇನ್ನೂ ನಗುತ್ತ ನಿಂತಿದ್ದಳು.

ಮೇಡಂ ಮೈಕ್ ತೆಗೆದುಕೊಂಡು, "ಎಣಿಕೆ ನಡೆಸಿದ್ದು ನಾನು. ರಸ್ತೆ ಪೂರ್ತಿ ಓಡಾಡಿ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನನ್ನದು. ಮತ್ತೆ ಎಣಿಸ್ತೀವಿ, ಅಲ್ಲಿವರೆಗೆ ಈ ನಕ್ಷೆ ಇಲ್ಲ ಅಂತಲೇ ತಿಳ್ಕೊಳ್ಳಿ," ಎಂದಳು. ಗೋಡೆಯ ನಕ್ಷೆಯನ್ನು ತಾನೇ ಬಿಚ್ಚಿ ಸುತ್ತಿದಳು. ಹನ್ನೊಂದು ಮನೆಯವರ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಬಿದ್ದವಳಿಗೂ ಚಪ್ಪಾಳೆಯೇ. ಅಷ್ಟು ನಾಚಿಕೆಯ ನಡುವೆಯೂ ಮೇಷ್ಟ್ರಿಗೆ ಅದು ಚುರುಕ್ಕೆಂದಿತು.

ಶಾಲೆಯ ಪಡಸಾಲೆಯಲ್ಲಿ ಅವಳು ಅವರನ್ನು ನಿಲ್ಲಿಸಿದಳು.

"ನಾನು ನಿಮ್ಮ ಮೇಜಿನ ಹತ್ತಿರ ಬಂದು ಕೇಳಿದ್ದೆ."

"ಕೇಳಿದ್ರಿ."

"ಯಾಕೆ ಹೇಳಲಿಲ್ಲ?"

ಸುಳ್ಳು ಹತ್ತಾರು ಇದ್ದವು. ವಯಸ್ಸಾಯಿತು, ಮರೆತುಹೋಯಿತು, ವಾರ ಯಾವುದೆಂದು ಗೊತ್ತಾಗಲಿಲ್ಲ. ಅವುಗಳಲ್ಲಿ ಒಂದನ್ನೂ ಎತ್ತಿಕೊಳ್ಳುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

"ಹೊಟ್ಟೆಕಿಚ್ಚು," ಎಂದರು.

ಅವಳು ಹೊರಗೆ ನೋಡಿದಳು. ಅಂಗಳದಲ್ಲಿ ಆ ಮುದುಕ ಯಾರದೋ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದ. "ಕಿಚ್ಚು ನನ್ನ ಮೇಲೆ. ಸುಡ್ತಿದ್ದದ್ದು ಅವರ ಮನೆ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಮೇಷ್ಟ್ರಿಗೆ ಅನುಕೂಲವಾಗುತ್ತಿತ್ತು.

ಸಾಹೇಬರು ಅವರ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಬರೆದರು. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ವಿಷಯ ತಿಳಿದ ಅಕ್ಕ ಮನೆಗೆ ಬಂದು ಅತ್ತಳು. "ನನ್ನ ಬಾಯಿ ಸುಡ, ನಿನಗೆ ಒಳ್ಳೇದಾಗ್ಲಿ ಅಂತ ಎದ್ದೆ ಕಣೋ," ಎಂದಳು. "ನೀನು ನಿಜ ಹೇಳಿದೆ, ಅಳೋದು ಯಾಕೆ," ಎಂದು ಮೇಷ್ಟ್ರು ಗದರಿದರು. ಹೊಲಿಗೆ ಯಂತ್ರದ ಹಿಂದೆ ಕುಳಿತಿದ್ದ ಹೆಂಡತಿ ಎದ್ದು ಹೋಗಿ ಟೀಗೆ ನೀರಿಟ್ಟಳು. 

ಮರು ಎಣಿಕೆ ಎರಡು ವಾರ ನಡೆಯಿತು. ಈ ಸಲ ಕೊಳವೆಯೂ ಇತ್ತು, ಮನುಷ್ಯರೂ ಇದ್ದರು. ಮೇಷ್ಟ್ರು ಸೇತುವೆಯ ಬಾಯಲ್ಲಿ ಕುಳಿತರು, ಮೇಡಂ ಗುಡ್ಡದ ತಿರುವಿನಲ್ಲಿ. ಎರಡನೇ ವಾರ ಜಾಗ ಬದಲಾಯಿಸಿಕೊಳ್ಳುವ ದಿನ ಅವಳು ಅವರ ರಟ್ಟು ನೋಡಿ ಕೇಳಿದಳು: "ನಡೆದು ಹೋಗೋರನ್ನ ಯಾವ ಕಲಮ್ಮಿಗೆ ಹಾಕ್ತೀರಿ?"

"ಅವರಿಗೆ ಕಲಂ ಇಲ್ಲ."

"ಯಾಕೆ?"

 ನಮೂನೆಯಲ್ಲಿ ಮೊದಲಿನಿಂದ ಇರಲಿಲ್ಲ. ಅವಳು ಇಬ್ಬರ ರಟ್ಟಿನ ಅಂಚಿನಲ್ಲೂ ಪೆನ್ಸಿಲಿನಿಂದ ಒಂದೊಂದು ಕಲಂ ಎಳೆದಳು. ಆ ವಾರ ಅವಳ ಎಣಿಕೆಯಲ್ಲಿ ದಿನಕ್ಕೆ ಆರುನೂರಕ್ಕೂ ಹೆಚ್ಚು ಜನ ಕಾಲ್ನಡಿಗೆಯಲ್ಲಿ ಸೇತುವೆ ದಾಟಿದರು. ಬುಟ್ಟಿ ಹೊತ್ತವರು, ಆಸ್ಪತ್ರೆಗೆ ಹೊರಟವರು, ಬಸ್ಸು ತಪ್ಪಿ ನಡೆದವರು. ಮೂವತ್ತೊಂದು ವರ್ಷ ಅವರೆಲ್ಲ ಮೇಷ್ಟ್ರ ಕುರ್ಚಿಯ ಪಕ್ಕದಲ್ಲೇ ಹಾದುಹೋಗಿದ್ದರು. ಕೆಲವರು ಮಾತಾಡಿಸಿಯೂ ಹೋಗಿದ್ದರು. ಒಬ್ಬರಿಗೂ ಅವರು ಗೀಟು ಹಾಕಿರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದದ್ದಕ್ಕಿಂತ ಇದು ಅವರನ್ನು ಹೆಚ್ಚು ಸುಟ್ಟಿತು. ಇದು ತನಗೆ ಹೊಳೆಯಬೇಕಿತ್ತು, ಅವಳಿಗಲ್ಲ.

ಯೋಜನೆ ತಿದ್ದಿದರು. ಹನ್ನೊಂದು ಮನೆಗಳು ಉಳಿದವು. ಸೇತುವೆ ಅಗಲವಾಗಿ, ಅದರ ಪಕ್ಕದಲ್ಲಿ ನಡೆಯುವವರಿಗೆ ಕಟಕಟೆ ಇರುವ ದಾರಿ ಬರುವುದೆಂದಾಯಿತು. ಹೊಳೆ ರಸ್ತೆಗೆ ಆರರ ಬದಲು ಒಂಬತ್ತು ಬಸ್ಸು. ಮೇಷ್ಟ್ರ ಬೀಳ್ಕೊಡುಗೆಯ ದಿನ ಮೇಡಂ ಎರಡೇ ಮಾತು ಆಡಿದಳು: "ಬಿಸಿಲಲ್ಲಿ ಕೂತು ತಪ್ಪಿಲ್ಲದೆ ಎಣಿಸೋದನ್ನ ಇವರಿಂದ ಕಲಿತೆ. ನಮಸ್ಕಾರ." ಅದರಲ್ಲಿ ಉಪಚಾರವೂ ಇರಲಿಲ್ಲ, ಚುಚ್ಚೂ ಇರಲಿಲ್ಲ. ಹಾಗೆ ನೇರವಾಗಿ ನಿಂತು ಮಾತಾಡುವುದು ತನಗೆ ಎಂದೂ ಬರಲಿಲ್ಲವಲ್ಲ ಎಂದು, ಹಾರ ಕೊರಳಲ್ಲಿರುವಾಗಲೇ ಮೇಷ್ಟ್ರು ಅವಳನ್ನು ನೋಡಿ ಕರುಬಿದರು.

ಈಗ ಅವರು ಅಕ್ಕನ ಮನೆಗೆ ಸ್ಕೂಟರಿನಲ್ಲಿ ಹೋಗುವುದಿಲ್ಲ. ಹತ್ತೂವರೆಗೆ ಹೊಸ ಬಸ್ಸಿದೆ. ಹಳ್ಳಿಯವರು ಅದಕ್ಕೆ ಮೇಡಂ ಬಸ್ಸು ಎಂದೇ ಹೆಸರಿಟ್ಟಿದ್ದಾರೆ. "ಮೇಡಂ ಬಸ್ಸು ಹೋಯ್ತಾ?" "ಇಲ್ಲ, ಈಗ ಬರುತ್ತೆ," ಎಂದು ನಿಲ್ದಾಣದಲ್ಲಿ ಜನ ಮಾತಾಡಿಕೊಳ್ಳುವಾಗ ಮೇಷ್ಟ್ರು ಪತ್ರಿಕೆಯಿಂದ ಕಣ್ಣೆತ್ತುವುದಿಲ್ಲ. ಮೊನ್ನೆ ಅದರಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ರಸ್ತೆ ನುಣ್ಣಗಿತ್ತು, ಗಾಳಿ ಹಿತವಾಗಿತ್ತು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಆರಾಮಾಗಿ ಬಂದ್ಯಾ? ಬಸ್ಸು ಹೇಗಿತ್ತು?"

"ನಾಲ್ಕು ನಿಮಿಷ ತಡ," ಎಂದು ಮೇಷ್ಟ್ರು ಚಪ್ಪಲಿ ಬಿಟ್ಟರು.