ಉಡಿಕೆ ನೋಡದ ಮುತ್ತೈದೆಯರು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನಾಗ ನಿಜಾಮ್ ಸರ್ಕಾರದಲ್ಲಿ ಅಪೀಲು ನ್ಯಾಯಾಧೀಶ. ಹುಟ್ಟಿ ಬೆಳೆದದ್ದು ತಾಂಡೂರಿನಲ್ಲಿ, ಮುನ್ಸಿಫ್ ಆಗಿ ಪಳಗಿದ್ದು ನಾರಾಯಣಖೇಡದಲ್ಲಿ. ಕೆಳಗಿನ ಕೋರ್ಟಿನಲ್ಲಿ ಸೋತವರು ಕೊನೆಯ ಆಸೆ ಹೊತ್ತು ನನ್ನೆದುರು ಬರುತ್ತಿದ್ದರು. ಜಹೀರಾಬಾದಿನಲ್ಲಿ ಕ್ಯಾಂಪ್ ಹಾಕಿದ್ದಾಗ ರಾಯಿಕೋಡಿನ ನಾಗಮ್ಮ ಹಾಗೆಯೇ ಬಂದಳು, ಪಕ್ಕದಲ್ಲಿ ಪುಟ್ಟ ಮಗಳು.

ನಾಗಮ್ಮ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಆಮೇಲೆ ಶರಣಪ್ಪ ಎಂಬ ರೈತನನ್ನು ಉಡಿಕೆಯಾಗಿದ್ದಳು. ನಮ್ಮ ಕಡೆ ವಿಧವೆಯ ಮರುಮದುವೆಗೆ ಉಡಿಕೆ ಎನ್ನುತ್ತಾರೆ. ಶರಣಪ್ಪ ತೀರಿಕೊಂಡದ್ದೇ ತಡ, ಬೇರೆಯಾಗಿ ಬದುಕುತ್ತಿದ್ದ ಅವನ ತಮ್ಮ ವೀರಣ್ಣ ಬಂದು ತಾಯಿ ಮಗಳನ್ನು ಹೊರಗೆ ಹಾಕಿ ಮನೆಗೆ ಬೀಗ ಜಡಿದ. “ಇಕಿ ನಮ್ಮಣ್ಣನ ಹೆಂಡ್ತಿ ಅಲ್ಲ, ಇಟ್ಕೊಂಡಾಕಿ” ಎಂದು ಊರ ತುಂಬ ಸಾರಿದ. ಮುನ್ಸಿಫ್ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಮನೆ ಹೋಯಿತು, ಹೊಲ ಹೋಯಿತು, ಮಗುವಿಗೆ ತಂದೆಯ ಹೆಸರೂ ಇಲ್ಲವಾಯಿತು.

ಕಡತ ಓದಿದೆ. ಹೈದರಾಬಾದ್ ನಗರದಿಂದ ಬಂದ ಮುನ್ಸಿಫರ ತರ್ಕ ನೇರವಾಗಿತ್ತು. ನೆರೆಮನೆಯ ಮೂವರು ಗೃಹಿಣಿಯರು ಮದುವೆ ನೋಡಿಲ್ಲ ಎಂದಿದ್ದಾರೆ. ನೋಡಿದ್ದೇವೆ ಎಂದವರೆಲ್ಲ ವಿಧವೆಯರು, ನಾಗಮ್ಮನ ಗೆಳತಿಯರು. ಮದುವೆ ಮಾಡಿಸಿದ ಅಯ್ಯನವರು ಬದುಕಿಲ್ಲ. ಈ ಬೆಂಕಿಗೆ ತುಪ್ಪ ಸುರಿದವನು ನಾಗಮ್ಮನ ವಕೀಲ. ಉಡಿಕೆ ಎಂದರೆ ಕೋರ್ಟು ಕೀಳಾಗಿ ಕಂಡೀತು ಎಂದು ನಾಚಿ, ಹಾಡುಹಗಲೇ ಹಂದರ ಹಾಕಿ, ಬಾಜಾ ಬಾರಿಸಿ ಮದುವೆಯಾಯಿತು ಎಂದು ಬರೆದುಬಿಟ್ಟಿದ್ದ! ಅವನ ಸಾಕ್ಷಿಗಳೇ ಅದನ್ನು ಅಲ್ಲಗಳೆದರು. ಓದುತ್ತ ಓದುತ್ತ ನನಗೆ ಮೈ ಉರಿಯಿತು. ಮರ್ಯಾದೆ ಉಳಿಸಲು ಹೋಗಿ ಆ ಹೆಣ್ಣಿನ ಬಾಳನ್ನೇ ಮುಳುಗಿಸಿದ್ದನಲ್ಲ, ಪುಣ್ಯಾತ್ಮ!

ಉಡಿಕೆ ಹೇಗೆ ನಡೆಯುತ್ತದೆಂದು ನನಗೆ ಗೊತ್ತಿತ್ತು. ನನ್ನ ಸೋದರತ್ತೆಯದೇ ಆಗಿತ್ತು. ಆದರೆ ನ್ಯಾಯಾಧೀಶ ತನಗೆ ಗೊತ್ತಿರುವುದನ್ನು ತೀರ್ಪಿನಲ್ಲಿ ತುರುಕುವಂತಿಲ್ಲ, ಅದು ಸಾಕ್ಷಿಯ ಬಾಯಿಂದಲೇ ಬರಬೇಕು. ಅಪೀಲಿನಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಯುವುದಿಲ್ಲ. ತೀರಾ ಅಗತ್ಯವಿದ್ದರೆ ಕರೆಯುವ ಅಧಿಕಾರವುಂಟು. ನಾನು ನಾಗಮ್ಮನ ಕಡೆಯವರನ್ನು ಬಿಟ್ಟು ವೀರಣ್ಣನ ಮುಖ್ಯ ಸಾಕ್ಷಿಯನ್ನೇ ಕರೆಸಿದೆ. ಆಕೆ ಗೋಡೆಗೆ ಗೋಡೆ ಹೊಂದಿದ ಮನೆಯ ಕಾಶಮ್ಮ, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ವೀರಣ್ಣ ಮೀಸೆ ತಿರುವುತ್ತ ಕುಳಿತ. ಆಕೆ ಮದುವೆಯೇ ಆಗಿಲ್ಲ ಎಂದುಬಿಟ್ಟರೆ ನಾಗಮ್ಮನ ಕಥೆ ಮುಗಿದಂತೆಯೇ.

ಕೋರ್ಟಿನ ಭಾಷೆಯಾದ ಉರ್ದು ಬದಿಗಿಟ್ಟು ಕನ್ನಡದಲ್ಲೇ ಕೇಳಿದೆ: “ಕಾಶಮ್ಮ, ಇವರ ಲಗ್ನ ನೀ ನೋಡೀಯೇನಮ್ಮ?”

“ಇಲ್ರಿ ಸಾಹೇಬ್ರ.”

“ಪಕ್ಕದ ಮನಿಯಾಕಿ, ಯಾಕ ನೋಡ್ಲಿಲ್ಲ?”

ಆಕೆ ಹುಚ್ಚನನ್ನು ನೋಡುವ ಹಾಗೆ ನನ್ನನ್ನು ನೋಡಿದಳು. “ಅಯ್ಯ, ಚಲೋ ಕೇಳ್ತೀರಿ! ನಾ ಮುತ್ತೈದಿ ಅದೀನ್ರಿ. ಮುತ್ತೈದೇರು ಉಡಿಕಿ ನೋಡಾಕ ಹೋಗ್ತಾರೇನ್ರಿ? ಕತ್ತಲದಾಗ ಗಂಡ ಸತ್ತ ರಂಡೇರಷ್ಟೇ ನಿಂತು ಮಾಡ್ತಾರ. ನಾ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ದೆ.”

“ಯಾರ ಉಡಿಕಿ?”

“ಇದೇ ನಾಗಮ್ಮಂದು, ಮತ್ಯಾರ್ದು? ಮುಂಜಾನಿ ಹನಮಪ್ಪನ ಗುಡಿಗಿ ಹೋಗಿ ಬಂದ ಮ್ಯಾಲ ಗಂಡ ಹೆಂಡ್ತಿ ಇಬ್ರೂ ನಮ್ಮನಿಯಾಗೇ ಉಂಡಾರ.”

ವೀರಣ್ಣನ ವಕೀಲ ದಡಬಡಿಸಿ ಎದ್ದ. ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲ ಎಂದು ಗದರಿದ. ಕಾಶಮ್ಮನಿಗೂ ಸಿಟ್ಟು ಬಂತು. “ನೋಡೀಯೇನು ಅಂದ್ರಿ, ಇಲ್ಲ ಅಂದೆ. ಯಾಕ ಅಂತ ಯಾರ ಕೇಳ್ಯಾರ?”

ಕೋರ್ಟಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ಮೇಜು ಕುಟ್ಟಿ ಸುಮ್ಮನಾಗಿಸಿದೆ, ಆದರೆ ನನಗೂ ನಗು ತಡೆಯಲಾಗಲಿಲ್ಲ. ಅಂಥ ಸಂತೋಷ ನನ್ನ ವೃತ್ತಿಯಲ್ಲಿ ಮತ್ತೆಂದೂ ಆಗಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮುತ್ತೈದೆಯರು ನೋಡದಿದ್ದದ್ದು, ವಿಧವೆಯರಷ್ಟೇ ನೋಡಿದ್ದು, ಎರಡೂ ಉಡಿಕೆ ರೂಢಿಯಂತೆ ನಡೆಯಿತು ಎಂಬುದಕ್ಕೇ ಪುರಾವೆ ಎಂದು ಬರೆದೆ. ಹಿಂದೂಗಳ ರಿವಾಜಿಗೆ ಕಾನೂನಿನ ಬಲವಿತ್ತು. ನಾಗಮ್ಮ ಧರ್ಮಪತ್ನಿ, ಮಗು ಶರಣಪ್ಪನ ಮಗಳು, ಮನೆ ಹೊಲ ನಾಗಮ್ಮನ ವಶಕ್ಕೆ. ಕೆಳಗಿನ ತೀರ್ಪು ರದ್ದಾಯಿತು.

ಸಾಕ್ಷಿ “ಇಲ್ಲ” ಎಂದ ಕೂಡಲೇ ಲೇಖನಿ ಎತ್ತಬಾರದು, “ಯಾಕೆ ಇಲ್ಲ” ಎಂದು ಇನ್ನೊಂದು ಮಾತು ಕೇಳಬೇಕು. ನಿವೃತ್ತನಾಗುವವರೆಗೂ ನಾನು ಅದನ್ನು ಬಿಡಲಿಲ್ಲ, ನನ್ನ ಕೈಕೆಳಗಿನ ಮುನ್ಸಿಫರಿಗೂ ಬೈದು ಬೈದು ಕಲಿಸಿದೆ.

ಅಂದು ತೀರ್ಪನ್ನು ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ತಿಳಿಸಿ ಹೇಳಿದೆ. ನಾಗಮ್ಮ ಅಳಲಿಲ್ಲ, ನನಗೆ ಕೈಯನ್ನೂ ಮುಗಿಯಲಿಲ್ಲ. ಮಗಳನ್ನು ಎತ್ತಿಕೊಂಡು ಸೀದಾ ವೀರಣ್ಣನ ಎದುರು ಹೋಗಿ ನಿಂತು ಕೈಚಾಚಿದಳು.

“ಮೈದುನಾ, ನನ್ನ ಮನಿ ಕೀಲಿ ಕೊಡು.”